ಗೀತಮಾಲಾ ಹಳೇ ಪಟ್ಟಿಗಳನ್ನು ಈಗ ನೋಡಿದರೆ ತಲೆ ಕೆಡುತ್ತೆ, ಒಂದನೇ ನಂಬರ್ ಹಾಡುಗಳು ಎಲ್ಲಿ ಹೋದವು?

ತೀನ್‌ಕಂದೀಲ್, ರಾಯಚೂರು:

ನಮ್ಮ ದೊಡ್ಡಪ್ಪ ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಗೆ ಸುಣ್ಣ ಬಳಿಸುವಾಗ ಅವರ ಹಳೇ ಡೈರಿಗಳು ಅಟ್ಟದಿಂದ ಕೆಳಗೆ ಬಂದವು. ಎಡಗಡೆ ಪುಟದಲ್ಲಿ ಆವತ್ತಿನ ಹತ್ತಿ ರೇಟು. ಬುಧವಾರ ಬಂತು ಅಂದರೆ ಬಲಗಡೆ ಪುಟದಲ್ಲಿ ಬಿನಾಕಾ ಗೀತಮಾಲಾ, ಅದೇ ರೇಡಿಯೋದಲ್ಲಿ ವಾರವಾರ ಹಿಂದಿ ಸಿನಿಮಾ ಹಾಡುಗಳಿಗೆ ನಂಬರ್ ಕೊಡುತ್ತಿದ್ದ ಕಾರ್ಯಕ್ರಮ. ಹದಿನಾರರಿಂದ ಒಂದರವರೆಗೆ ಹಾಡು, ಪಕ್ಕದಲ್ಲಿ ಸಿನಿಮಾ ಹೆಸರು. ಹೋದ ವಾರಕ್ಕಿಂತ ಮೇಲೆ ಹೋಗಿದ್ದರೆ ಕೆಂಪು ಬಾಣ, ಕೆಳಗೆ ಬಿದ್ದಿದ್ದರೆ ನೀಲಿ ಬಾಣ. ಒಂದು ಕಡೆ 9ನೇ ನಂಬರಿನ ಎದುರು ಹಾಡೇ ಇಲ್ಲ, "ಗೊರಗೊರ, ಕೇಳಿಸಲಿಲ್ಲ" ಅಂತ ಬರೆದಿದ್ದಾರೆ. ಶಾರ್ಟ್ ವೇವ್ ಅಲ್ವಾ, ಗುಡುಗು ಬಂದರೆ ಮುಗಿಯಿತು.

ಪ್ರಶ್ನೆ ಏನಂದ್ರೆ, ಈ ಪಟ್ಟಿಗಳನ್ನೂ ನೆಟ್‌ನಲ್ಲಿ ಸಿಗುವ ವರ್ಷದ ಪಟ್ಟಿಗಳನ್ನೂ ಜೊತೆಗಿಟ್ಟು ನೋಡಿದೆ. 1957 ತಗೊಳ್ಳಿ. ಪ್ಯಾಸಾ ಅದೇ ವರ್ಷದ್ದು, ನಯಾ ದೌರ್ ಅದೇ ವರ್ಷದ್ದು, ಮದರ್ ಇಂಡಿಯಾ ಅದೇ ವರ್ಷದ್ದು. ಇವತ್ತಿಗೂ ಟೀವಿಯಲ್ಲಿ ಹಳೇ ಹಾಡಿನ ಕಾರ್ಯಕ್ರಮ ಅಂದರೆ ಈ ಮೂರು ಸಿನಿಮಾ ಬಂದೇ ಬರುತ್ತವೆ. ಆದರೆ ಆ ವರ್ಷ ಗೀತಮಾಲಾದಲ್ಲಿ ಒಂದನೇ ಸ್ಥಾನ "ಜರಾ ಸಾಮನೇ ತೋ ಆವೋ ಛಲಿಯೇ". ಸಿನಿಮಾ ಜನಮ್ ಜನಮ್ ಕೇ ಫೇರೇ. ಈ ಸಿನಿಮಾ ಹೆಸರು ನಮ್ಮ ಆಫೀಸಿನಲ್ಲಿ ಒಬ್ಬರಿಗೂ ಗೊತ್ತಿಲ್ಲ. 1966ರಲ್ಲಿ ಸೂರಜ್‌ನ "ಬಹಾರೋಂ ಫೂಲ್ ಬರಸಾವೋ" ಮೊದಲು. ಅದೇ ಹೊತ್ತಿಗೆ ಗೈಡ್ ಹಾಡುಗಳೂ ಇದ್ದವು! ಫಿಲ್ಮ್‌ಫೇರ್ ಸಂಗೀತ ಪ್ರಶಸ್ತಿಯೂ ಸೂರಜ್‌ಗೇ ಹೋಯಿತು, ಗೈಡ್‌ಗೆ ಸಂಗೀತ ಕೊಟ್ಟ ಸಚಿನ್ ದೇವ್ ಬರ್ಮನ್ ಕೈಗೆ ಏನೂ ಬರಲಿಲ್ಲ.

ಹಾಗಾದರೆ ಪಟ್ಟಿ ಮಾಡುವವರು ದುಡ್ಡು ತಗೊಳ್ಳುತ್ತಿದ್ದರಾ? ಇಲ್ಲ ಆಗಿನ ಜನಕ್ಕೆ ಕಿವಿ ಸರಿ ಇರಲಿಲ್ಲವಾ? ಇನ್ನೊಂದು, ಕನ್ನಡ ಹಾಡುಗಳಿಗೆ ಇಂಥ ಪಟ್ಟಿ ಯಾರಾದರೂ ಮಾಡಿದ್ದರಾ? ಗೊತ್ತಿದ್ದವರು ಹೇಳಿ.

---

ಹಳೇ ಮರ್ಫಿ, ಕೊಪ್ಪಳ:

ತಮ್ಮಾ, ಆಗಿನವರ ಕಿವಿ ಚೆನ್ನಾಗೇ ಇತ್ತು. ಮೊದಲು ಪಟ್ಟಿ ಹೇಗೆ ತಯಾರಾಗುತ್ತಿತ್ತು ಅಂತ ತಿಳ್ಕೋ.

1952ರಲ್ಲಿ ಬಿ.ವಿ. ಕೇಸ್ಕರ್ ದೆಹಲಿಯಲ್ಲಿ ವಾರ್ತಾ ಮಂತ್ರಿಯಾಗಿದ್ದಾಗ ಆಕಾಶವಾಣಿಯಲ್ಲಿ ಸಿನಿಮಾ ಹಾಡು ಬಂದ್ ಆದಂತೆಯೇ ಆಯಿತು. ಶಾಸ್ತ್ರೀಯ ಸಂಗೀತ ಕೇಳಿ ಜನ ಉದ್ಧಾರ ಆಗಲಿ ಅಂತ ಅವರ ಆಸೆ. ಜನ ಉದ್ಧಾರ ಆಗಲಿಲ್ಲ, ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್ ಹಿಡಿದರು. ಅದೇ ವರ್ಷ ಡಿಸೆಂಬರ್ 3, ಬುಧವಾರ ಗೀತಮಾಲಾ ಶುರು. ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಅಮೀನ್ ಸಯಾನಿ ಬೊಂಬಾಯಿಯಲ್ಲಿ ಕೂತು ಟೇಪ್ ಮಾಡುತ್ತಿದ್ದರು, ಟೇಪು ವಿಮಾನದಲ್ಲಿ ಕೊಲಂಬೋಗೆ ಹೋಗುತ್ತಿತ್ತು, ಅಲ್ಲಿಂದ ಹಾಡು ನಮ್ಮೂರಿಗೆ ವಾಪಸ್ ಬರುತ್ತಿತ್ತು. ನೋಡು ಮಜಾ. ನಮ್ಮ ದೇಶದ ಹಾಡು ನಮಗೆ ಕೇಳಬೇಕಾದರೆ ಸಮುದ್ರ ದಾಟಿ ಬರಬೇಕು. 1957ರ ಅಕ್ಟೋಬರ್‌ನಲ್ಲಿ ವಿವಿಧ ಭಾರತಿ ಹುಟ್ಟಿದ್ದೇ ಹೀಗೆ ಕೈಬಿಟ್ಟು ಹೋದ ಕೇಳುಗರನ್ನು ವಾಪಸ್ ಕರೆಸಲಿಕ್ಕೆ.

ಶುರುವಿನಲ್ಲಿ ಅದು ನಂಬರ್ ಪಟ್ಟಿ ಅಲ್ಲ, ಬಹುಮಾನದ ಸ್ಪರ್ಧೆ. ಕಾಗದಗಳ ರಾಶಿ ತಡೆಯಲಾಗದೆ ಆಮೇಲೆ ನಂಬರ್ ಕೊಡುವ ಕ್ರಮ ತಂದರು. ನಂಬರ್ ಹೇಗೆ? ರೆಕಾರ್ಡ್ ಅಂಗಡಿಗಳಿಂದ ಮಾರಾಟದ ವರದಿ, ಜೊತೆಗೆ ರೇಡಿಯೋ ಕ್ಲಬ್‌ಗಳ ಕಾಗದ, ಫರ್ಮಾಯಿಶ್ ಅಂದರೆ ಕೇಳುಗರ ಕೋರಿಕೆ. ಒಂದು ಹಾಡು ಬಹಳ ವಾರ ಪಟ್ಟಿಯಲ್ಲಿ ಉಳಿದರೆ ಬಿಗುಲ್ ಊದಿ "ಸರ್ತಾಜ್ ಗೀತ್", ಅಂದರೆ ಕಿರೀಟದ ಹಾಡು, ಅಂತ ಮಾಡಿ ಗೌರವದಿಂದ ಮನೆಗೆ ಕಳಿಸುತ್ತಿದ್ದರು. ಅಂದರೆ ಎಲ್ಲಕ್ಕಿಂತ ಜನಪ್ರಿಯವಾದ ಹಾಡೇ ಪಟ್ಟಿಯಿಂದ ಹೊರಗೆ ಹೋಗುತ್ತಿತ್ತು. ನಿನ್ನ ದೊಡ್ಡಪ್ಪನವರ ಡೈರಿಯಲ್ಲಿ ಒಂದು ಹಾಡು ಮೇಲೆ ಇದ್ದದ್ದು ಇದ್ದಕ್ಕಿದ್ದಂತೆ ಮಾಯ ಆಗಿದ್ದರೆ ಅದು ಬಿದ್ದಿದ್ದಲ್ಲ, ಸರ್ತಾಜ್ ಆಗಿದ್ದು. ಚೆಕ್ ಮಾಡು.

ಈಗ ಅಂಗಡಿ ವಿಷಯ. ರೆಕಾರ್ಡ್ ಅಂಗಡಿ ಎಲ್ಲಿದ್ದವು? ದೊಡ್ಡ ಊರಲ್ಲಿ. ನಮ್ಮ ಕಡೆ ಪ್ಲೇಟ್ ಕೊಳ್ಳುವವನು ಹಾಡು ಕೇಳುವವನಲ್ಲ, ಮೈಕ್‌ಸೆಟ್‌ನವನು. ಗವಿಮಠದ ಜಾತ್ರೆಗೆ, ಮದುವೆಗೆ, ಕುಬುಸಕ್ಕೆ ಎಲ್ಲಾ ಅದೇ ಪ್ಲೇಟ್. ಮಾವಿನ ಮರಕ್ಕೆ ಹಾರ್ನ್ ಕಟ್ಟಿ ಹಾಕಿದ ಅಂದರೆ ಮೂರು ಊರಿಗೆ ಕೇಳಬೇಕು. ಕೇಳಿದವರು ಸಾವಿರಾರು ಜನ, ಬೊಂಬಾಯಿ ಲೆಕ್ಕದಲ್ಲಿ ಮಾರಾಟ ಒಂದು ಪ್ಲೇಟ್.

ಕಾಗದದ ಕಥೆಯೂ ಅಷ್ಟೇ. ಝುಮ್ರಿ ತಲೈಯಾ ಹೆಸರು ಕೇಳಿರುತ್ತೀ. ಆಗಿನ ಬಿಹಾರದ ಅಭ್ರಕದ ಗಣಿ ಊರು, ಈಗ ಜಾರ್ಖಂಡ್‌ನಲ್ಲಿದೆ. ದೇಶದಲ್ಲಿ ಯಾವ ಸ್ಟೇಷನ್ ಹಾಕಿದರೂ ಫರ್ಮಾಯಿಶ್‌ನಲ್ಲಿ ಆ ಊರಿನ ಹೆಸರು ಇರಲೇಬೇಕು, ಅಲ್ಲಿನವರಿಗೆ ಕಾಗದ ಬರೆಯುವುದೇ ಒಂದು ಹುಚ್ಚು. ನಮ್ಮ ಸಂಡೂರೂ ಗಣಿ ಊರೇ. ನಮ್ಮವರಿಗೆ ಆ ಹುಚ್ಚು ಹಿಡಿಯಲಿಲ್ಲ, ಹಾಗಾಗಿ ನಮ್ಮವರಿಗೆ ಏನು ಇಷ್ಟ ಅಂತ ಯಾವ ಪಟ್ಟಿಯಲ್ಲೂ ಇಲ್ಲ.

ದುಡ್ಡಿನ ಮಾತು ಆಗಲೂ ಆಡುತ್ತಿದ್ದರು. ನನಗೆ ಅದು ದೊಡ್ಡ ವಿಷಯ ಅನ್ನಿಸಿಲ್ಲ.

---

ಕೌಲ್‌ಬಜಾರ್ ಬ್ಯಾಂಡ್, ಬಳ್ಳಾರಿ:

ತೀನ್‌ಕಂದೀಲ್ ಅಣ್ಣಾ, "ಬಹಾರೋಂ ಫೂಲ್ ಬರಸಾವೋ" ಎಲ್ಲಿ ಹೋಯಿತು ಅಂತ ಕೇಳಿದಿರಲ್ಲ, ನಮ್ಮ ಮನೆಯಲ್ಲಿದೆ ಬನ್ನಿ. ನಮ್ಮದು ತಾತನ ಕಾಲದಿಂದ ಬ್ಯಾಂಡ್ ಸೆಟ್. ಮದುಮಗ ಕಾರಿಂದ ಇಳಿದು ಕಲ್ಯಾಣ ಮಂಟಪದ ಬಾಗಿಲಿಗೆ ಬರುವ ಹೊತ್ತಿಗೆ ಕ್ಲಾರಿನೆಟ್‌ನವರು ಆ ಹಾಡು ಎತ್ತಲೇಬೇಕು. ಎತ್ತಲಿಲ್ಲ ಅಂದರೆ ಬೀಗರ ಕಡೆಯ ಯಾರಾದರೂ ಹಿರಿಯರು ಬಂದು ಕೇಳುತ್ತಾರೆ, "ಯಾಕ್ರಪ್ಪಾ, ಅದು ಬರಲ್ವಾ?" ಅಂತ. ಮದುಮಗನಿಗೆ ಅದು ಯಾವ ಸಿನಿಮಾ ಅಂತ ಗೊತ್ತಿರಲ್ಲ. ರಫಿ ಹಾಡಿದ್ದು ಅಂತಲೂ ಗೊತ್ತಿರಲ್ಲ. ಆದರೆ ಆ ಟ್ಯೂನ್ ಬಂದರೆ ಅವನೇ ಶೇರ್ವಾನಿ ಸರಿ ಮಾಡಿಕೊಳ್ಳುತ್ತಾನೆ, ನೋಡಿದ್ದೇನೆ.

ಗೈಡ್ ಹಾಡು ದೊಡ್ಡದು, ಇಲ್ಲ ಅನ್ನಲ್ಲ. ಮನೆಯಲ್ಲಿ ರಾತ್ರಿ ಒಬ್ಬನೇ ಕೇಳಲಿಕ್ಕೆ ನಾನೂ ಅದನ್ನೇ ಹಾಕುತ್ತೇನೆ. ಮೆರವಣಿಗೆಯಲ್ಲಿ ಯಾರೂ ಕೇಳಲ್ಲ ಅಷ್ಟೇ.

ಅದೂ ಅಲ್ಲದೆ ಆ ವರ್ಷ ಸೂರಜ್‌ಗೆ ಸಿಕ್ಕಿದ್ದು ಸಂಗೀತದ ಪ್ರಶಸ್ತಿ ಒಂದೇ ಅಲ್ಲ, ಹಾಡು ಬರೆದ ಹಸರತ್ ಜೈಪುರಿಗೂ ಹಾಡಿದ ರಫಿಗೂ ಇದೇ ಹಾಡಿಗೆ ಫಿಲ್ಮ್‌ಫೇರ್ ಸಿಕ್ಕಿತು. ಇನ್ನೂ ಕೇಳಿ. 2013ರಲ್ಲಿ ಹಿಂದಿ ಸಿನಿಮಾಕ್ಕೆ ನೂರು ವರ್ಷ ಆಯಿತು ಅಂತ ಬಿಬಿಸಿಯ ಏಷಿಯನ್ ನೆಟ್‌ವರ್ಕ್ ಬ್ರಿಟನ್‌ನಲ್ಲಿ ಓಟು ಹಾಕಿಸಿತು. ನೂರು ವರ್ಷದ ಎಲ್ಲಾ ಹಾಡುಗಳಲ್ಲಿ ಮೊದಲು ಬಂದದ್ದು ಇದೇ. ಹಾಗಿದ್ದ ಮೇಲೆ 1966ರ ಪಟ್ಟಿ ಯಾವ ಲೆಕ್ಕದಲ್ಲಿ ತಪ್ಪು? ವಿಮರ್ಶೆ ಬರೆಯುವವರು ಗೈಡ್ ಪರ ಇದ್ದಾರೆ, ಮದುವೆ ಮಾಡುವವರು ಸೂರಜ್ ಪರ ಇದ್ದಾರೆ. ಮದುವೆ ಮಾಡುವವರೇ ಜಾಸ್ತಿ.

---

ರೊಟ್ಟಿ ಹೊತ್ತು, ಕುಷ್ಟಗಿ:

1957ರ ಬಗ್ಗೆ ನಾನು ಹೇಳ್ತೀನಿ. ಜನಮ್ ಜನಮ್ ಕೇ ಫೇರೇ ದೇವರ ಸಿನಿಮಾ, ಎಸ್.ಎನ್. ತ್ರಿಪಾಠಿ ಸಂಗೀತ, ಭರತ್ ವ್ಯಾಸ್ ಬರೆದದ್ದು, ಲತಾ ಮತ್ತು ರಫಿ ಹಾಡಿದ್ದು. ದೊಡ್ಡ ಖರ್ಚಿನ ಸಿನಿಮಾ ಅಲ್ಲ. ಇಂಥ ಸಿನಿಮಾಗಳನ್ನು ಪತ್ರಿಕೆಯವರು ಆಗಲೂ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ, ಈಗಲೂ ಇಲ್ಲ. ಆದರೆ ಹೆಂಗಸರು ಗಾಡಿ ಕಟ್ಟಿಕೊಂಡು ನೋಡಲು ಹೋಗುತ್ತಿದ್ದದ್ದು ಇಂಥವನ್ನೇ. ಆ ಹಾಡನ್ನು ಒಂದು ಸಲ ಕೇಳಿ. ದೇವರನ್ನು "ಮುಂದೆ ಬಾರೋ, ಯಾಕೆ ಅಡಗಿ ಕೂತಿದ್ದೀ" ಅಂತ ಕರೆಯುವ ಹಾಡು, ಕಳ್ಳ ಪ್ರಿಯಕರನನ್ನು ಕರೆದಂತೆಯೂ ಇದೆ. ಎರಡೂ ಕಡೆ ನಡೆಯುತ್ತದೆ. ಪ್ಯಾಸಾ ಹಾಡು ಹಿಡಿಸಬೇಕಾದರೆ ಉರ್ದು ಸ್ವಲ್ಪ ಬರಬೇಕು, ಇದಕ್ಕೆ ಏನೂ ಬೇಡ.

ಇನ್ನೊಂದು ಮಾತು, ಯಾರೂ ಹೇಳಲಿಲ್ಲ ಅಂತ ಹೇಳ್ತಿದ್ದೇನೆ. ಬುಧವಾರ ರಾತ್ರಿ ಎಂಟು ಗಂಟೆ ಅಂದರೆ ನಮ್ಮ ಕಡೆ ರೊಟ್ಟಿ ಬಡಿಯುವ ಹೊತ್ತು. ರೇಡಿಯೋ ಪಡಸಾಲೆಯಲ್ಲಿ, ಅಮ್ಮ ಒಲೆ ಮುಂದೆ. ಅಮೀನ್ ಸಯಾನಿ "ಬೆಹನೋಂ ಔರ್ ಭಾಯಿಯೋಂ" ಅಂತ ಬೆಹನೋಂ ಅನ್ನೇ ಮೊದಲು ಕರೆಯುತ್ತಿದ್ದರು, ಪಾಪ. ಆದರೆ ನಮ್ಮ ಬೆಹನೋಂಗೆ ಕೇಳಿಸಿದ್ದು ರೊಟ್ಟಿಯ ಪಟಪಟ ಸದ್ದಿನ ನಡುವೆ ಅರ್ಧರ್ಧ ಹಾಡು. ನಂಬರ್ ಕೇಳಿಸಬೇಕು ಅಂತ ಹಿಟ್ಟಿನ ಕೈ ಎತ್ತಿ ಹಿಡಿದು ಒಂದು ಗಳಿಗೆ ಸುಮ್ನೆ ಕೂರುತ್ತಿದ್ದರು, ಹೆಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಸೀಯುತ್ತಿತ್ತು, ಅಜ್ಜಿಯ ಕಡೆಯಿಂದ ಬೈಗುಳ ಬರುತ್ತಿತ್ತು.

ಕಾಗದ ಬರೆಯುವುದು ಅಂತೂ ಕೇಳಲೇಬೇಡಿ. ಹೆಣ್ಣುಮಗಳ ಹೆಸರು ರೇಡಿಯೋದಲ್ಲಿ ಬಂದರೆ ಊರೆಲ್ಲಾ ಮಾತು. ಅಮ್ಮ ಹಾಡು ಆರಿಸುತ್ತಿದ್ದಳು, ಸೋದರಮಾವ ತನ್ನ ಹೆಸರಲ್ಲಿ ಬರೆಯುತ್ತಿದ್ದ, ಅವನ ಗೆಳೆಯರ ಹೆಸರೂ ಸೇರಿಸುತ್ತಿದ್ದ. ಹಳೇ ಫರ್ಮಾಯಿಶ್ ಪಟ್ಟಿಗಳಲ್ಲಿ ಗಂಡಸರ ಹೆಸರೇ ಇದ್ದರೆ ಹಾಡು ಮೆಚ್ಚಿದವರೆಲ್ಲಾ ಗಂಡಸರು ಅಂದುಕೊಳ್ಳಬೇಡಿ.

---

ತೋರಣಗಲ್ಲು ನೈಟ್ ಶಿಫ್ಟ್:

ಒಳ್ಳೆ ಚರ್ಚೆ. ಶಿಫ್ಟ್ ಮುಗಿಸಿ ಬಸ್ಸಲ್ಲಿ ಕೂತು ಓದುತ್ತಿದ್ದೇನೆ. ಇದು ನಮ್ಮ ದೇಶದ ಕಥೆ ಮಾತ್ರ ಅಲ್ಲ. ಗೀತಮಾಲಾ ಶುರುವಾಗುವ ಮೂರು ವಾರ ಮೊದಲು, 1952ರ ನವೆಂಬರ್ 14ಕ್ಕೆ, ಇಂಗ್ಲೆಂಡ್‌ನಲ್ಲಿ ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್ ಪತ್ರಿಕೆ ಅಲ್ಲಿನ ಮೊದಲ ಪಟ್ಟಿ ಹಾಕಿತು. ಹೇಗೆ ಮಾಡಿದರು ಗೊತ್ತಾ? ಪರ್ಸಿ ಡಿಕಿನ್ಸ್ ಅನ್ನುವವರು ಇಪ್ಪತ್ತರಷ್ಟು ಅಂಗಡಿಗೆ ಫೋನ್ ಮಾಡಿ ಈ ವಾರ ಏನು ಜಾಸ್ತಿ ಹೋಯಿತು ಅಂತ ಕೇಳಿ ಬರೆದುಕೊಂಡರು. ಅಷ್ಟೇ!

1967ರಲ್ಲಿ ಬೀಟಲ್ಸ್‌ನವರು "ಪೆನ್ನಿ ಲೇನ್" ಮತ್ತು "ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್" ಒಂದೇ ಪ್ಲೇಟಿನ ಎರಡು ಕಡೆ ಹಾಕಿ ಬಿಟ್ಟರು. ಈಗ ಪಾಪ್ ಸಂಗೀತದ ಇತಿಹಾಸ ಬರೆಯುವವರೆಲ್ಲಾ ಆ ಪ್ಲೇಟ್‌ಗೆ ಕೈಮುಗಿಯುತ್ತಾರೆ. ಆಗ ಬ್ರಿಟನ್‌ನಲ್ಲಿ ಅದು ಎರಡನೇ ಸ್ಥಾನ ದಾಟಲಿಲ್ಲ. ಮೇಲೆ ಕೂತಿದ್ದು ಎಂಗಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ "ರಿಲೀಸ್ ಮೀ", ಆರು ವಾರ ಅಲ್ಲಾಡಲಿಲ್ಲ. ಆ ಮನುಷ್ಯ ಹುಟ್ಟಿದ್ದು 1936ರಲ್ಲಿ ಮದ್ರಾಸಿನಲ್ಲಿ. ಆಗ ಬಳ್ಳಾರಿಯೂ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಹಾಗಾಗಿ ಬೀಟಲ್ಸ್‌ನವರನ್ನು ತಡೆದವನು ನಮ್ಮ ಪ್ರಾಂತ್ಯದವನೇ ಅಂತ ಬೇಕಾದರೆ ಹೇಳಿಕೊಳ್ಳಬಹುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ 1991ರ ಕಥೆ. ಅಲ್ಲಿಯವರೆಗೆ ಬಿಲ್‌ಬೋರ್ಡ್ ಪತ್ರಿಕೆಯೂ ಅಂಗಡಿಯವರು ಹೇಳಿದ್ದನ್ನೇ ನಂಬುತ್ತಿತ್ತು. ಗಲ್ಲಾದಲ್ಲಿ ಕೂತವನು ತನಗೆ ಇಷ್ಟವಾದದ್ದನ್ನು ಸ್ವಲ್ಪ ಮೇಲೆ ಹೇಳಿದರೂ ಕೇಳುವವರಿಲ್ಲ. ಆ ವರ್ಷ ಮೇ 25ರ ಸಂಚಿಕೆಯಿಂದ ಆಲ್ಬಂ ಪಟ್ಟಿಗೆ ಸೌಂಡ್‌ಸ್ಕ್ಯಾನ್ ಲೆಕ್ಕ ಬಂತು, ಅಂದರೆ ಬಿಲ್ ಮಾಡುವಾಗ ಬಾರ್‌ಕೋಡ್ ಓದಿ ಸಿಕ್ಕ ನಿಜವಾದ ಮಾರಾಟ. ಅಲ್ಲಿನ ಹಳ್ಳಿ ಕಡೆಯ ಕಂಟ್ರಿ ಹಾಡುಗಳು, ಕರಿಯರ ರ್‍ಯಾಪ್ ಹಾಡುಗಳು ಧಡಕ್ಕನೆ ಮೇಲೆ ಬಂದವು. ಸೆಪ್ಟೆಂಬರ್‌ನಲ್ಲಿ ಗಾರ್ತ್ ಬ್ರೂಕ್ಸ್ ಅನ್ನುವ ಕಂಟ್ರಿ ಹಾಡುಗಾರನ ಆಲ್ಬಂ ಬಂದ ವಾರವೇ ಒಂದನೇ ಸ್ಥಾನಕ್ಕೆ ಕೂತಿತು. ಜನ ಒಂದೇ ದಿನಕ್ಕೆ ರುಚಿ ಬದಲಾಯಿಸಿದರಾ? ಇಲ್ಲ. ಹಳ್ಳಿಯವರು, ಕರಿಯರ ಬಡಾವಣೆಯವರು ಮೊದಲಿಂದಲೂ ಕೊಳ್ಳುತ್ತಲೇ ಇದ್ದರು. ಎಣಿಸುವವರಿಗೆ ಕಂಡಿರಲಿಲ್ಲ. ಮರ್ಫಿ ಸರ್ ಹೇಳಿದ ಮೈಕ್‌ಸೆಟ್ ಕಥೆಯೇ ಇದು.

---

ಸೈಡ್ ಬಿ, ಗಂಗಾವತಿ:

ಕನ್ನಡದ ಪಟ್ಟಿ ಬಗ್ಗೆ ಕೇಳಿದ್ದೀರಿ. ಗೀತಮಾಲಾ ತರಹ ವಾರವಾರ ನಡೆದ, ಎಲ್ಲರೂ ಕಾದು ಕೂತು ಕೇಳಿದ ಪಟ್ಟಿ ಕನ್ನಡಕ್ಕೆ ಇರಲಿಲ್ಲ. ಕೋರಿಕೆ ಕಾರ್ಯಕ್ರಮಗಳಿದ್ದವು, ಅವುಗಳಲ್ಲಿ ನಂಬರ್ ಇಲ್ಲ. ಆದರೆ ಪಟ್ಟಿ ಬೇರೆ ಕಡೆ ಇತ್ತು, ನಾನು ಅದರ ಮೇಲೆ ಕೈ ಇಟ್ಟು ಕೆಲಸ ಮಾಡಿದ್ದೇನೆ.

ಎಂಬತ್ತರ ದಶಕದ ಕೊನೆಗೆ ಗಂಗಾವತಿಯಲ್ಲಿ ಒಂದು ಕ್ಯಾಸೆಟ್ ರೆಕಾರ್ಡಿಂಗ್ ಅಂಗಡಿಯಲ್ಲಿ ಇದ್ದೆ. ಗಿರಾಕಿ ಖಾಲಿ ಕ್ಯಾಸೆಟ್ ತರುತ್ತಿದ್ದ, ಇಲ್ಲಾ ನಮ್ಮಲ್ಲೇ ತಗೊಳ್ಳುತ್ತಿದ್ದ. ಚೀಟಿಯಲ್ಲಿ ಹಾಡುಗಳ ಹೆಸರು ಬರೆದು ಕೊಡುತ್ತಿದ್ದ. ನಾವು ಅದನ್ನು ನೋಟ್‌ಬುಕ್‌ಗೆ ಇಳಿಸಿಕೊಂಡು ಎರಡು ದಿನ ಬಿಟ್ಟು ಬಾ ಅನ್ನುತ್ತಿದ್ದೆವು. ಅದು ಕಾನೂನಿಗೆ ವಿರುದ್ಧ ಅಂತ ಯಾರ ತಲೆಗೂ ಬಂದಿರಲಿಲ್ಲ. ಒಂದೇ ಚೀಟಿಯಲ್ಲಿ ಪ್ರೇಮಲೋಕ, ತೆಲುಗಿನ ಘಂಟಸಾಲ, ಕಿಶೋರ್ ಕುಮಾರ್, ಒಂದು ತತ್ವಪದ, ಕೊನೆಗೆ ಒಂದು ಕವಾಲಿ. ಬೆಂಗಳೂರಿನವರಿಗೆ ಇದು ಕಲಬೆರಕೆ ಅನ್ನಿಸಬಹುದು. ನಮ್ಮ ಕಡೆ ಹಾಗಲ್ಲ. ರಾಯಚೂರು ಕೊಪ್ಪಳ 1956ರವರೆಗೆ ಹೈದರಾಬಾದ್ ಕಡೆ, ಬಳ್ಳಾರಿ 1953ರವರೆಗೆ ಮದ್ರಾಸ್ ಕಡೆ. ಕಿವಿಗೆ ಮೂರು ಭಾಷೆಯೂ ಮನೆಯದೇ.

1987ರಲ್ಲಿ ಬಂದ ಪ್ರೇಮಲೋಕದ ಕ್ಯಾಸೆಟ್ ಲಹರಿಯವರು ತಂದದ್ದು. ಅಷ್ಟು ಕ್ಯಾಸೆಟ್ ಹೋದದ್ದು ಅವರಿಗೇ ಆಶ್ಚರ್ಯ ಅಂತ ಆಗ ವ್ಯಾಪಾರಿಗಳು ಮಾತಾಡಿಕೊಳ್ಳುತ್ತಿದ್ದರು. ಆದರೆ ನಮ್ಮಂಥ ಅಂಗಡಿಗಳಲ್ಲಿ ಅದರಿಂದ ಇಳಿಸಿಕೊಟ್ಟ ಹಾಡುಗಳು ಯಾರ ಲೆಕ್ಕಕ್ಕೂ ಬಂದಿಲ್ಲ.

ಈಗ ಒಂದು ಗುಟ್ಟು. 60 ನಿಮಿಷದ ಕ್ಯಾಸೆಟ್ ಅಂದರೆ ಒಂದು ಕಡೆ ಅರ್ಧ ಗಂಟೆ. ಗಿರಾಕಿ ಬರೆದ ಹಾಡು ಮುಗಿದ ಮೇಲೂ ಸೈಡ್ ಬಿ ಕೊನೆಯಲ್ಲಿ ಮೂರ್ನಾಲ್ಕು ನಿಮಿಷ ಉಳಿಯುತ್ತಿತ್ತು. ಖಾಲಿ ಬಿಟ್ಟರೆ "ದುಡ್ಡು ತಗೊಂಡು ಪೂರಾ ತುಂಬಿಸಿಲ್ಲ" ಅಂತ ಜಗಳ. ಹಾಗಾಗಿ ಅಂಗಡಿಯವನ ಇಷ್ಟದ ಒಂದು ಹಾಡು ಅಲ್ಲಿ ತುರುಕುತ್ತಿದ್ದೆವು. ನಮ್ಮ ಮಾಲೀಕರಿಗೆ ಭಾವಗೀತೆ ಹುಚ್ಚು. ನಿತ್ಯೋತ್ಸವ ಕ್ಯಾಸೆಟ್ಟಿನ ಹಾಡು ಹಾಕಿಸುತ್ತಿದ್ದರು. ನಿಸಾರ್ ಅಹಮದ್ ಬರೆದು ಮೈಸೂರು ಅನಂತಸ್ವಾಮಿ ಸ್ವರ ಹಾಕಿದ್ದು. ಲಾರಿ ಡ್ರೈವರ್ ಕೇಳಿದ್ದು ಡಿಸ್ಕೋ ಹಾಡು, ಕೊನೆಗೆ ಸಿಕ್ಕಿದ್ದು ಜೋಗದ ಸಿರಿ! ಎರಡು ವಾರ ಬಿಟ್ಟು ಅದೇ ಡ್ರೈವರ್ ಬಂದು "ಕೊನೇದೊಂದು ಹಾಡಿತ್ತಲ್ಲ, ಅಂಥವೇ ಒಂದು ಕ್ಯಾಸೆಟ್ ಪೂರ್ತಿ ಮಾಡಿಕೊಡು" ಅಂತ ಕೇಳಿದ. ಯಾವ ಪಟ್ಟಿಯಲ್ಲಿ ಬರುತ್ತೆ ಹೇಳಿ ಇದು?

ಟೆಂಟ್ ಟಾಕೀಸನ್ನೂ ಮರೆತಿದ್ದೀರಿ ಎಲ್ಲರೂ. ನಮ್ಮ ಮೂರು ಜಿಲ್ಲೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಸಲ ನುಡಿದ ಪ್ಲೇಟ್ ಯಾವುದು ಅಂದರೆ ನಾನು ಕಣ್ಣು ಮುಚ್ಚಿ ಹೇಳುತ್ತೇನೆ, ಘಂಟಸಾಲರ "ನಮೋ ವೆಂಕಟೇಶ". ಅದು ಹಾಕಿದರು ಅಂದರೆ ಟಿಕೆಟ್ ಕೊಡಲು ಶುರು. ಹೊಲದಲ್ಲಿದ್ದವನು ಬೇಗ ಬೇಗ ಕೈಕಾಲು ತೊಳೆದು ಓಡುತ್ತಿದ್ದ. ದಿನಾ ಎರಡು ಆಟ, ದಿನಾ ಎರಡು ಸಲ, ವರ್ಷಗಟ್ಟಲೆ. ಅದು ಸಿನಿಮಾ ಹಾಡೂ ಅಲ್ಲ, ಹಿಂದಿಯೂ ಅಲ್ಲ. ಗೀತಮಾಲಾಕ್ಕೆ ಎಲ್ಲಿಂದ ಬರಬೇಕು?

---

ಅಪ್ಪು ಅಭಿಮಾನಿ, ಹೊಸಪೇಟೆ:

ದೊಡ್ಡವರ ಮಧ್ಯೆ ಬಾಯಿ ಹಾಕ್ತಿದ್ದೀನಿ. ಈಗ ಯೂಟ್ಯೂಬ್ ವ್ಯೂಸ್ ಇದೆಯಲ್ಲ, ಒಂದೂ ಬಿಡದೆ ಎಣಿಸುತ್ತೆ. ಇನ್ನು ಮುಂದೆ ಯಾರಿಗೂ ಈ ಗೊಂದಲ ಇರಲ್ಲ ಅಲ್ವಾ?

---

ತೋರಣಗಲ್ಲು ನೈಟ್ ಶಿಫ್ಟ್:

ತಮ್ಮಾ, ನಿನ್ನ ಹೆಸರಲ್ಲೇ ಉತ್ತರ ಇದೆ. "ಬೊಂಬೆ ಹೇಳುತೈತೆ" 2017ರ ಹಾಡು. ಆಗಲೂ ಹಿಟ್ಟೇ. 2021ರ ಅಕ್ಟೋಬರ್ 29ಕ್ಕೆ ಅಪ್ಪು ತೀರಿಕೊಂಡ ಮೇಲೆ ಹೊಸಪೇಟೆಯಲ್ಲಿ ಅದನ್ನು ಎಷ್ಟು ಕಡೆ ಹಾಕಿದರು ನೆನಪಿದೆಯಾ, ಆಟೋದಲ್ಲಿ, ಸರ್ಕಲ್‌ನಲ್ಲಿ, ಗಣಪತಿ ಪೆಂಡಾಲ್‌ನಲ್ಲಿ. ಒಂದು ಫೋನಿಂದ ಸ್ಪೀಕರ್‌ಗೆ ಹಾಕಿದರೆ ಒಂದು ವ್ಯೂ. ಮುಂದೆ ನಿಂತು ಅತ್ತವರು ನೂರು ಜನ ಇದ್ದರೂ ಒಂದೇ. ಮತ್ತೆ ಮೈಕ್‌ಸೆಟ್‌ಗೇ ಬಂತು ಕಥೆ. ಮೊಬೈಲ್ ಪಕ್ಕಕ್ಕಿಟ್ಟು ಮಲಗಿದ ಮೇಲೂ ತಾನಾಗೇ ಓಡುವ ಹಾಡುಗಳಿಗೂ ವ್ಯೂಸ್ ಬರುತ್ತೆ, ಅದು ಬೇರೆ.

---

ತೀನ್‌ಕಂದೀಲ್, ರಾಯಚೂರು:

ಎಲ್ಲರಿಗೂ ಥ್ಯಾಂಕ್ಸ್. ಮರ್ಫಿ ಸರ್, ಚೆಕ್ ಮಾಡಿದೆ. ನೀವು ಹೇಳಿದ್ದು ಸರಿ, ಮಾಯವಾದ ಹಾಡುಗಳ ಹೆಸರಿನ ಸುತ್ತ ದೊಡ್ಡಪ್ಪ ಒಂದು ಸುತ್ತು ಹಾಕಿ ಮೇಲೆ ಕಿರೀಟದ ಚಿತ್ರ ಬರೆದಿದ್ದಾರೆ. ಇಷ್ಟು ದಿನ ಅದು ಹತ್ತಿಯ ಮೂಟೆ ಅಂದುಕೊಂಡಿದ್ವಿ ಮನೆಯವರೆಲ್ಲಾ.

ರೊಟ್ಟಿ ಹೊತ್ತು ಅಕ್ಕಾ, ನೀವು ಹೇಳಿದ 1957ರ ಹಾಡು ಕೇಳಿದೆ. ಚೆನ್ನಾಗಿದೆ. ಪ್ಯಾಸಾಗಿಂತ ಮೇಲೆ ಅಂತ ಮಾತ್ರ ನಾನು ಒಪ್ಪಲ್ಲ, ಬೈದರೂ ಪರವಾಗಿಲ್ಲ. ಸೈಡ್ ಬಿ ಅಣ್ಣಾ, ಆ ನೋಟ್‌ಬುಕ್ ಇನ್ನೂ ಯಾರ ಹತ್ತಿರವಾದರೂ ಇದೆಯಾ? ಇದ್ದರೆ ಗಂಗಾವತಿಗೆ ನಾನೇ ಬರ್ತೀನಿ.

---

ಸೈಡ್ ಬಿ, ಗಂಗಾವತಿ:

ಮಾಲೀಕರ ಮಗ ಈಗ ಅದೇ ಜಾಗದಲ್ಲಿ ಮೊಬೈಲ್ ರಿಪೇರಿ ಇಟ್ಟಿದ್ದಾನೆ. ಕೇಳಿ ನೋಡ್ತೀನಿ. ಭತ್ತದ ಕಟಾವು ಮುಗಿಯಲಿ, ಈಗ ಊರಲ್ಲಿ ಯಾರೂ ಕೈಗೆ ಸಿಗಲ್ಲ.

---

ಕೌಲ್‌ಬಜಾರ್ ಬ್ಯಾಂಡ್, ಬಳ್ಳಾರಿ:

ನೈಟ್ ಶಿಫ್ಟ್ ಸರ್, ನೀವು ಹೇಳಿದ ಆ "ರಿಲೀಸ್ ಮೀ" ಹಾಕಿ ಕೇಳಿದೆ. ಟ್ಯೂನ್ ಒಳ್ಳೆ ನಿಧಾನ, ಕ್ಲಾರಿನೆಟ್‌ಗೆ ಚೆನ್ನಾಗಿ ಕೂರುತ್ತೆ. ನಮ್ಮ ಹುಡುಗರಿಗೆ ಕಲಿಸೋಣ ಅಂತಿದ್ದೆ. ಆಮೇಲೆ ಮಗಳು ಹೇಳಿದಳು, ಅದರಲ್ಲಿ ಅವನು "ನಿನ್ನ ಮೇಲೆ ಪ್ರೀತಿ ಇಲ್ಲ, ಇನ್ನೊಬ್ಬಳು ಸಿಕ್ಕಿದ್ದಾಳೆ, ನನ್ನನ್ನು ಬಿಟ್ಟುಬಿಡು" ಅಂತ ಬೇಡಿಕೊಳ್ಳುತ್ತಾನಂತೆ. ಮದುವೆ ಮೆರವಣಿಗೆಯಲ್ಲಿ ಇದನ್ನು ನುಡಿಸಿ ಬೀಗರಲ್ಲಿ ಒಬ್ಬರಿಗೆ ಇಂಗ್ಲಿಷ್ ಬಂದರೆ ಸಾಕು, ಬಾಕಿ ದುಡ್ಡು ಬಂದ ಹಾಗೇ!